ಡಕೋಟಾ, ಸೆಣಬಿನ ಪ್ಯಾರಾಚೂಟ್, ಮಲೇರಿಯಾ ಮಾತ್ರೆ: ಜನರಲ್ ಸ್ಲಿಮ್ ಅವರ ಪುಸ್ತಕ

ನಮ್ಮ ಅಕ್ಕನ ಮಗ ಸೇನಾ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಇಂಟರ್‌ವ್ಯೂಗೆ ತಯಾರಿ ನಡೆಸಿದ್ದಾನೆ. "ಮಾವ, ವಿಮಾನ, ಯುದ್ಧದ ಇತಿಹಾಸ, ಲೀಡರ್‌ಶಿಪ್ ಮೂರೂ ಇರುವ ಒಂದು ಪುಸ್ತಕ ಹೇಳಿ" ಅಂದ. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಜಪಾನೀಯರ ವಿರುದ್ಧ ಕಾದಿದ ಬ್ರಿಟಿಷ್ ಸೇನಾನಿ, ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್ ಬರೆದ 'ಡಿಫೀಟ್ ಇನ್‌ಟು ವಿಕ್ಟರಿ' ಓದು ಅಂದೆ. "ಅವರು ಗೂರ್ಖಾ ರೆಜಿಮೆಂಟಿನವರು ಅಲ್ವಾ? ಅದರಲ್ಲಿ ವಿಮಾನ ಎಲ್ಲಿಂದ ಬಂತು?" ಅಂತ ಕೇಳಿದ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಏರ್‌ಫೋರ್ಸ್‌ನಲ್ಲಿದ್ದಾಗ ನಾನು ಅಸ್ಸಾಂನ ಜೋರ್ಹಾಟ್‌ನಲ್ಲಿ ಎಎನ್-32 ವಿಮಾನಗಳ ಜತೆ ಕೆಲಸ ಮಾಡಿದವನು. ಅರುಣಾಚಲದ ಗಡಿ ಪೋಸ್ಟ್‌ಗಳಿಗೆ ಅಕ್ಕಿ, ಹಿಟ್ಟು, ಸೀಮೆಎಣ್ಣೆ ಅಲ್ಲಿಂದ ಹೋಗುತ್ತಿತ್ತು. ಕಣಿವೆಯಲ್ಲಿ ಮೋಡ ಕವಿದರೆ ವಿಮಾನ ತುಂಬಿದ ಹೊಟ್ಟೆಯಲ್ಲೇ ವಾಪಸ್ ಬರುತ್ತಿತ್ತು. ಆ ಪೋಸ್ಟಿನ ಹುಡುಗರು ಇನ್ನೆಷ್ಟು ದಿನ ತಳ್ಳುತ್ತಾರೋ ಅಂತ ನಮಗೆಲ್ಲ ಕಸಿವಿಸಿ. ಪೈಲಟ್‌ಗಳು ಬರೆದ ಪುಸ್ತಕಗಳಲ್ಲಿ ಆಕಾಶ ಇರುತ್ತದೆ, ಎಂಜಿನ್ ಇರುತ್ತದೆ. ಕೆಳಗೆ ತಲೆಯೆತ್ತಿ ಕಾಯುವವನ ಲೆಕ್ಕ ಇರುವುದು ಸ್ಲಿಮ್ ಪುಸ್ತಕದಲ್ಲಿ. ಸರಕು ವಿಮಾನದ ಬಗ್ಗೆ ಇದಕ್ಕಿಂತ ಒಳ್ಳೆಯದನ್ನು ನಾನು ಓದಿಲ್ಲ.

ಪುಸ್ತಕ ಬಂದದ್ದು 1956ರಲ್ಲಿ. ಕಥೆ ಶುರುವಾಗುವುದು 1942ರ ಮಾರ್ಚ್‌ನಲ್ಲಿ, ಬರ್ಮಾದಲ್ಲಿ. ರಂಗೂನ್ ಜಪಾನೀಯರ ಕೈಸೇರಿದೆ. ಸೋಲುತ್ತಿರುವ ಸೈನ್ಯವನ್ನು ಸ್ಲಿಮ್ ಕೈಗೆ ಕೊಡುತ್ತಾರೆ. ಮಳೆಗಾಲ ಬರುವುದರೊಳಗೆ ಅವರನ್ನು ಬೆಟ್ಟ ಕಾಡು ದಾಟಿಸಿ ಇಂಫಾಲ್‌ಗೆ ತರಬೇಕು. ತರುತ್ತಾರೆ. ಎಲ್ಲಿ ಎಡವಿದೆ, ಯಾಕೆ ಎಡವಿದೆ ಅಂತ ಅಲ್ಲಲ್ಲೇ ಬರೆಯುತ್ತಾರೆ, ತಪ್ಪನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ನನಗೆ ಅತಿ ಇಷ್ಟವಾದದ್ದು ಪ್ಯಾರಾಚೂಟಿನ ಪ್ರಸಂಗ. ಆಮೇಲೆ ಸ್ಲಿಮ್ ಕೈಗೆ ಬಂದ ಹದಿನಾಲ್ಕನೇ ಸೈನ್ಯಕ್ಕೆ (ಫೋರ್ಟೀನ್ತ್ ಆರ್ಮಿ) ಕಾಡಿನಲ್ಲಿ ರಸ್ತೆಯಿಲ್ಲ. ಊಟ, ಮದ್ದುಗುಂಡು ಎಲ್ಲ ಡಕೋಟಾ ಸರಕು ವಿಮಾನದಿಂದ ಬೀಳಬೇಕು. ಆದರೆ ಬೇಕಾದಷ್ಟು ಪ್ಯಾರಾಚೂಟ್ ಸಿಗುತ್ತಿಲ್ಲ. ಬಂಗಾಳದಲ್ಲಿ ಧಾರಾಳವಾಗಿ ಸಿಗುವುದು ಸೆಣಬು. ಕಲ್ಕತ್ತೆಯ ಸೆಣಬಿನ ಗಿರಣಿಯವರನ್ನು ಹಿಡಿದು ಸೆಣಬಿನ ಪ್ಯಾರಾಚೂಟ್ ಮಾಡಿಸಿದರು. ಬಟ್ಟೆಯೂ ಸೆಣಬು, ಹಗ್ಗವೂ ಸೆಣಬು. ಹೆಸರು 'ಪ್ಯಾರಾಜೂಟ್'. ತಿಂಗಳೊಳಗೆ ತಯಾರಾಯಿತು, ಒಳ್ಳೆಯ ಪ್ಯಾರಾಚೂಟಿನ ನೂರಕ್ಕೆ 85ರಷ್ಟು ನಂಬಿಕೆಗೆ ಬಂತು. ಖರ್ಚು ಒಂದು ಪೌಂಡಿಗಿಂತ ಚೂರು ಜಾಸ್ತಿ. ಮಾಮೂಲಿಯದಕ್ಕೆ 20 ಪೌಂಡ್ ಮೇಲೆ. ಸರಿಯಾದ ದಾರಿಯಲ್ಲಿ ತರಿಸಿಕೊಳ್ಳಲಿಲ್ಲ ಅಂತ ಮೇಲಿನವರಿಂದ ಬೈಗುಳವೂ ಬಂತಂತೆ! ಕಾಡಿನಲ್ಲಿ ಸರಕು ಬೀಳಿಸಿದವರಿಗೆ ಈ ಬೆಲೆಯ ಅರ್ಥ ಗೊತ್ತು. ಮರದ ತುದಿಗೆ ಸಿಕ್ಕಿಕೊಂಡ ಪ್ಯಾರಾಚೂಟನ್ನು ಯಾರು ಹತ್ತಿ ಬಿಡಿಸುತ್ತಾರೆ? ಹೋದರೆ ಹೋಗಲಿ ಅನ್ನುವಷ್ಟು ಅಗ್ಗವಾಗಿರಬೇಕು.

1944ರಲ್ಲಿ ಇಂಫಾಲ್‌ಗೆ ಜಪಾನೀಯರ ಮುತ್ತಿಗೆ ಬಿದ್ದಾಗ ಇದೇ ವ್ಯವಸ್ಥೆ ಒಂದೂವರೆ ಲಕ್ಷ ಜನರನ್ನು ಉಳಿಸಿತು. ಏಪ್ರಿಲ್ ಮಧ್ಯದಿಂದ ಜೂನ್ ಕೊನೆವರೆಗೆ 18,000 ಟನ್ನಿಗೂ ಜಾಸ್ತಿ ಸರಕು ವಿಮಾನದಲ್ಲಿ ಹೋಯಿತು. ವಾಪಸ್ ಬರುವಾಗ ಗಾಯಾಳುಗಳು. ಅದೂ ಮಳೆಗಾಲದಲ್ಲಿ, ಆ ಬೆಟ್ಟಗಳ ಮೇಲೆ. ಆ ಕಡೆಯ ಮೋಡ ಕಂಡವನು ನಾನು. ಇವತ್ತಿಗೂ ಆ ಪೈಲಟ್‌ಗಳಿಗೆ ಕೈ ಮುಗಿಯಬೇಕು ಅನಿಸುತ್ತದೆ. ಇದರಲ್ಲಿ ನಮ್ಮೂರಿನ ಪಾಲೂ ಇದೆ. ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆ ಅಮೆರಿಕದ ವಾಯುಪಡೆಗೆ ರಿಪೇರಿ ಡಿಪೋ ಆಗಿತ್ತು. ಡಕೋಟಾಗಳೂ ಅಲ್ಲಿ ಓವರ್‌ಹಾಲ್ ಆಗುತ್ತಿದ್ದವು.

ಲೀಡರ್‌ಶಿಪ್ ವಿಷಯಕ್ಕೆ ಬಂದರೆ, ಇಲ್ಲಿ ಸೂತ್ರ, ಘೋಷಣೆ ಕಮ್ಮಿ. ಮುಂದಿನ ಸಾಲಿನ ತುಕಡಿಗೆ ಅರ್ಧ ರೇಷನ್ ಆದಾಗ ಸ್ಲಿಮ್ ತಮ್ಮ ಹೆಡ್‌ಕ್ವಾರ್ಟರ್ಸ್‌ಗೂ ಅರ್ಧ ರೇಷನ್ ಮಾಡುತ್ತಿದ್ದರು. ಇದರಿಂದ ಉಳಿಯುವ ಅಕ್ಕಿ ಏನೂ ಅಲ್ಲ ಅಂತ ಅವರೇ ಹೇಳುತ್ತಾರೆ. ಆದರೆ ಹಸಿದ ಸ್ಟಾಫ್ ಆಫೀಸರ್, ಮುಂದಿನವರಿಗೆ ರೇಷನ್ ಕಳಿಸಲು ಬೇಗ ಕೈ ಆಡಿಸುತ್ತಾನೆ. ಮಲೇರಿಯಾದ್ದು ಇನ್ನೂ ಗಟ್ಟಿ ಪಾಠ. 1943ರಲ್ಲಿ ಗಾಯಗೊಂಡ ಒಬ್ಬನನ್ನು ಸಾಗಿಸಿದರೆ, ಕಾಯಿಲೆ ಬಿದ್ದ 120 ಜನರನ್ನು ಸಾಗಿಸಬೇಕಿತ್ತು. ಮೆಪಾಕ್ರಿನ್ ಮಾತ್ರೆ ಇತ್ತು, ಜನ ನುಂಗುತ್ತಿರಲಿಲ್ಲ. ಸ್ಲಿಮ್ ಹೇಳದೆ ಕೇಳದೆ ಇಡೀ ತುಕಡಿಯ ಪರೀಕ್ಷೆ ಮಾಡಿಸುತ್ತಿದ್ದರು. ನೂರರಲ್ಲಿ 95 ಜನರ ಮೈಯಲ್ಲಾದರೂ ಔಷಧಿ ಕಾಣದಿದ್ದರೆ ಕಮಾಂಡಿಂಗ್ ಆಫೀಸರ್ ಮನೆಗೆ. ಮೂವರನ್ನು ಕಳಿಸುವಷ್ಟರಲ್ಲಿ ಉಳಿದವರಿಗೆಲ್ಲ ತಿಳಿಯಿತು. ಮಾತ್ರೆ ನುಂಗದ ಸಿಪಾಯಿಯನ್ನು ಬಿಟ್ಟು ಅವನ ಕರ್ನಲ್‌ನನ್ನು ಹಿಡಿದರಲ್ಲ, ಅದನ್ನು ಹುಡುಗ ಮನಸ್ಸಿಟ್ಟು ಓದಬೇಕು.

ಅದೇ 1944ರಲ್ಲಿ ನಾಗಾ ಬೆಟ್ಟದ ಕೊಹಿಮಾಕ್ಕೆ ಜಪಾನೀಯರ ಒಂದು ರೆಜಿಮೆಂಟ್ ಬರಬಹುದು ಅಂತ ಸ್ಲಿಮ್ ಲೆಕ್ಕ. ಬಂದದ್ದು ಅದಕ್ಕಿಂತ ಎಷ್ಟೋ ದೊಡ್ಡದಾದ ಇಡೀ ಡಿವಿಷನ್. ಈ ತಪ್ಪನ್ನು ಅವರು ನೇರವಾಗಿ ಒಪ್ಪಿ, ತನ್ನನ್ನು ಉಳಿಸಿದ್ದು ಕೆಳಗಿನ ಕಮಾಂಡರ್‌ಗಳು, ಜವಾನರು ಅನ್ನುತ್ತಾರೆ. ಆ ಡಿವಿಷನ್ನಿನ ಜನರಲ್ ಸಾಟೊ, ಸ್ಲಿಮ್ ಸೈನ್ಯದ ಸರಕಿನ ನೆಲೆಯಾಗಿದ್ದ ದೀಮಾಪುರದ ಕಡೆ ನುಗ್ಗುವುದು ಬಿಟ್ಟು ಕೊಹಿಮಾಕ್ಕೇ ಅಂಟಿಕೊಂಡ. ಅವನ ಹೆಡ್‌ಕ್ವಾರ್ಟರ್ಸ್ ಮೇಲೆ ಬಾಂಬ್ ಹಾಕಲು ವಾಯುಪಡೆಯವರು ಹೊರಟಾಗ ಸ್ಲಿಮ್ ತಡೆದರಂತೆ. ನಮಗೆ ಇಷ್ಟು ಉಪಕಾರ ಮಾಡುವ ಜನರಲ್ ಬದುಕಿರಲಿ ಅಂತ!

ಕೊರತೆಗಳೂ ಇವೆ. ಆಜಾದ್ ಹಿಂದ್ ಫೌಜ್ ಬಗ್ಗೆ ಇರುವುದು ತಾತ್ಸಾರದ ನಾಲ್ಕು ಮಾತು. ನಮ್ಮ ದೇಶದವರಿಗೆ ಅಷ್ಟು ಸಾಲದು, ಬೇರೆ ಪುಸ್ತಕ ಹುಡುಕಿ ಓದಬೇಕು. ಹದಿನಾಲ್ಕನೇ ಸೈನ್ಯದಲ್ಲಿ ಬಹುಪಾಲು ಭಾರತೀಯರು. ಆ ಸಿಪಾಯಿಗಳನ್ನು ಸ್ಲಿಮ್ ಮನಸಾರೆ ಹೊಗಳುತ್ತಾರೆ, ಆದರೆ ಎಲ್ಲವೂ ಇಂಗ್ಲಿಷ್ ಜನರಲ್ ಕಣ್ಣಿನಿಂದ. ಮಡಿಕೇರಿಯಲ್ಲಿ ಹುಟ್ಟಿದ, ಮುಂದೆ ನಮ್ಮ ಭೂಸೇನೆಯ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ ಅದೇ ಬರ್ಮಾ ಯುದ್ಧದಲ್ಲಿ ಅರಾಕಾನ್‌ನಲ್ಲಿ ಬೆಟಾಲಿಯನ್ ಮುನ್ನಡೆಸಿದವರು. ಮಡಿಕೇರಿಗೆ ಹೋದರೆ ಅವರು ಹುಟ್ಟಿದ 'ಸನ್ನಿ ಸೈಡ್' ಮನೆ ಈಗ ಮ್ಯೂಸಿಯಂ, ನೋಡಿ ಬನ್ನಿ.

ಪುಸ್ತಕ ದಪ್ಪ, 500 ಪುಟ ದಾಟುತ್ತದೆ. ಕೋರ್, ಡಿವಿಷನ್, ಬ್ರಿಗೇಡ್ ನಂಬರ್‌ಗಳು ಸಾಲುಸಾಲಾಗಿ ಬಂದು ತಲೆ ತಿನ್ನುತ್ತವೆ. ಮೊದಲ ಸಲ ಅವನ್ನು ಹಾರಿಸಿ ಓದಿದರೆ ನಷ್ಟವಿಲ್ಲ. ನನ್ನ ಪೇಪರ್‌ಬ್ಯಾಕ್‌ನಲ್ಲಿ ನಕ್ಷೆಗಳು ತೀರಾ ಸಣ್ಣ, ಭೂತಗನ್ನಡಿ ಬೇಕು. ಸಿಕ್ಕಿದರೆ ಹಳೆಯ ಗಟ್ಟಿ ರಟ್ಟಿನ ಪ್ರತಿ ಕೊಳ್ಳಿ, ಇಲ್ಲದಿದ್ದರೆ ಫೋನಿನಲ್ಲಿ ಮಣಿಪುರ, ನಾಗಾಲ್ಯಾಂಡ್, ಬರ್ಮಾದ ಮ್ಯಾಪ್ ತೆರೆದಿಟ್ಟುಕೊಂಡು ಓದಿ. ಕಾದಂಬರಿಯ ಹಾಗೆ ಒಂದೇ ಗುಕ್ಕಿನಲ್ಲಿ ಓದುವುದಕ್ಕಿಂತ ದಿನಕ್ಕೊಂದು ಅಧ್ಯಾಯ ಸಾಕು. ಇಂಟರ್‌ವ್ಯೂ ಹತ್ತಿರವಿದೆ, ಟೈಮಿಲ್ಲ ಅನ್ನುವವರು ಸೋತ ಸೈನ್ಯವನ್ನು ಮತ್ತೆ ಕಟ್ಟುವ ಭಾಗವನ್ನೂ ಇಂಫಾಲ್, ಕೊಹಿಮಾದ ಭಾಗವನ್ನೂ ಮೊದಲು ಮುಗಿಸಿ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳಿ.