ಆರೋಗ್ಯ ಸೇತು: ಎರಡು ವರ್ಷಕ್ಕೂ ಹೆಚ್ಚು ಕಾಲ ಬಳಸಿದ ಮೇಲೆ

ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಅದು 2020ರ ಮಾರ್ಚ್ 10ರಂದು ಸಂಭವಿಸಿತು. ಆ ದಿನಗಳಲ್ಲಿ ಇಲ್ಲಿ ಸೋಂಕಿಗಿಂತ ಹೆಚ್ಚಾಗಿ, ಸೋಂಕಿತರೆಂದು ಓಣಿಯಲ್ಲಿ ಹೆಸರಾಗುವುದಕ್ಕೆ ಜನ ಹೆದರುತ್ತಿದ್ದರು. ಹೀಗಿರುವಾಗ ಏಪ್ರಿಲ್ 2ರಂದು, ಸೋಂಕಿತರ ಹತ್ತಿರ ಬಂದವರನ್ನು ಪತ್ತೆಹಚ್ಚಿ ಎಚ್ಚರಿಸುವ ಕೇಂದ್ರ ಸರ್ಕಾರದ ಮೊಬೈಲ್ ಆ್ಯಪ್ ಆರೋಗ್ಯ ಸೇತು ಬಿಡುಗಡೆಯಾಯಿತು. ಮನೆಯಲ್ಲಿ ವಯಸ್ಸಾದ ತಂದೆಯವರಿದ್ದುದರಿಂದ ಆ ವಾರವೇ ಅದನ್ನು ಹಾಕಿಕೊಂಡೆ.

ಆ್ಯಪ್ ಕನ್ನಡದಲ್ಲಿಯೂ ಇದ್ದದ್ದು ದೊಡ್ಡ ಅನುಕೂಲ. ಆದರೆ ಅದು ಹೆಸರು, ಫೋನ್ ಸಂಖ್ಯೆ, ವಯಸ್ಸು, ಲಿಂಗ, ವೃತ್ತಿಗಳನ್ನು ಕೇಳಿತು. ಬ್ಲೂಟೂತ್ ಜೊತೆಗೆ ಜಿಪಿಎಸ್ ಅನುಮತಿಯನ್ನೂ ಕೇಳಿತು. ಇಬ್ಬರು ಹತ್ತಿರವಿದ್ದರೆಂದು ತಿಳಿಯಲು ಬ್ಲೂಟೂತ್ ಸಾಕಾಗಿರುವಾಗ, ನಾನು ಎಲ್ಲಿದ್ದೆ ಎಂಬುದು ಏಕೆ ಬೇಕು ಎನ್ನುವ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದೇ ವರ್ಷ ಇದೇ ಕೆಲಸಕ್ಕೆ ಗೂಗಲ್ ಮತ್ತು ಆ್ಯಪಲ್ ಕೂಡಿ ರೂಪಿಸಿದ ವ್ಯವಸ್ಥೆಯಲ್ಲಿ ಫೋನುಗಳು ಆಗಾಗ ಬದಲಾಗುವ ಸಂಕೇತಗಳನ್ನಷ್ಟೇ ವಿನಿಮಯ ಮಾಡಿಕೊಳ್ಳುತ್ತಿದ್ದವು, ಅವುಗಳನ್ನು ಸೋಂಕಿತರ ಸಂಕೇತಗಳೊಂದಿಗೆ ಹೋಲಿಸುವುದೂ ಬಳಕೆದಾರರ ಫೋನಿನಲ್ಲೇ ನಡೆಯುತ್ತಿತ್ತು, ಮತ್ತು ಅದನ್ನು ಬಳಸುವ ಆ್ಯಪ್‌ಗಳು ಸ್ಥಳದ ಅನುಮತಿ ಕೇಳುವಂತಿರಲಿಲ್ಲ. ಅಂದರೆ ಬೇರೆ ದಾರಿ ಇತ್ತು.

ಒಪ್ಪಿಗೆಯ ಮಾತು ಇನ್ನೂ ಗಂಭೀರವಾದದ್ದು. ನಗರದ ಒಂದು ಕಚೇರಿಯ ಬಾಗಿಲಲ್ಲಿ, ಸೋಂಕಿನ ಅಪಾಯ ಕಡಿಮೆ ಎನ್ನುವ ಆ್ಯಪ್‌ನ ಹಸಿರು ಪರದೆ ತೋರಿಸಿದವರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಕೀಪ್ಯಾಡ್ ಫೋನ್ ಹಿಡಿದು ಹೋಗಿದ್ದ ತಂದೆಯವರು ಬಿಸಿಲಿನಲ್ಲಿ ನಿಂತು ಮರಳಿ ಬಂದರು. ಅಂಥ ಫೋನಿನವರಿಗಾಗಿ 1921 ಸಂಖ್ಯೆಯ ದೂರವಾಣಿ ಸೇವೆ ಇತ್ತು, ನಿಜ. ಆದರೆ ಬಾಗಿಲಲ್ಲಿ ಕೇಳುತ್ತಿದ್ದದ್ದು ಪರದೆಯನ್ನು. ಬಾಗಿಲು ದಾಟುವುದಕ್ಕಾಗಿ ಒತ್ತಿದ ಗುಂಡಿಯನ್ನು ಒಪ್ಪಿಗೆ ಎನ್ನಲು ನನಗೆ ಸಾಧ್ಯವಿಲ್ಲ. 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಬಳಕೆದಾರರು ತಿಳಿದು ಒಪ್ಪದೆ ಈ ಆ್ಯಪ್‌ನ ದತ್ತಾಂಶವನ್ನು ಹಂಚಿಕೊಳ್ಳಬಾರದೆಂದು ಮಧ್ಯಂತರ ಆದೇಶ ನೀಡಿದಾಗ ನನಗಾದ ಸಮಾಧಾನ ಸಣ್ಣದಲ್ಲ.

ಒಳ್ಳೆಯದನ್ನೂ ಹೇಳಬೇಕು. ಫೋನಿನಲ್ಲಿರುವ ದತ್ತಾಂಶಕ್ಕೆ 30 ದಿನ, ಸರ್ವರ್‌ಗೆ ಹೋದದ್ದಕ್ಕೆ 45 ದಿನ, ಸೋಂಕಿತರದ್ದಕ್ಕೆ ಗುಣವಾದ ಮೇಲೆ 60 ದಿನ ಎಂದು ದತ್ತಾಂಶ ಅಳಿಸುವ ಮಿತಿಗಳನ್ನು ಗೌಪ್ಯತಾ ನೀತಿಯಲ್ಲಿ ಬರೆದಿದ್ದರು. 2020ರ ಮೇ ತಿಂಗಳಲ್ಲಿ ಆಂಡ್ರಾಯ್ಡ್ ಆವೃತ್ತಿಯ ಮೂಲ ಸಂಕೇತವನ್ನೂ (ಸೋರ್ಸ್ ಕೋಡ್) ಯಾರಾದರೂ ಪರಿಶೀಲಿಸುವಂತೆ ಬಹಿರಂಗಪಡಿಸಿದರು. ಸಂಪರ್ಕ ಪತ್ತೆಯನ್ನು ನಿಲ್ಲಿಸಿ, ಅದಕ್ಕಾಗಿ ಸಂಗ್ರಹಿಸಿದ ದತ್ತಾಂಶವನ್ನು ಅಳಿಸಲಾಗಿದೆ ಎಂದು ಮುಂದೆ ಸರ್ಕಾರ ಸಂಸತ್ತಿಗೆ ತಿಳಿಸಿತು. ಒಪ್ಪಿಗೆ ಪಡೆದ ಪ್ರತಿ ಫೋನಿಗೂ, ಇಂತಹ ದಿನ ನಿಮ್ಮ ದತ್ತಾಂಶ ಅಳಿಸಿದೆ ಎಂಬ ಒಂದು ಸಾಲು ಕನ್ನಡದಲ್ಲಿ ಬರಬೇಕೆಂಬುದು ನನ್ನ ಅಪೇಕ್ಷೆ. ಅಂಥ ಸಾಲನ್ನು ಮೊದಲೇ ವಾಗ್ದಾನ ಮಾಡುವ, ಜಿಪಿಎಸ್ ಕೇಳದ ಆ್ಯಪ್ ಮುಂದಿನ ಸಾಂಕ್ರಾಮಿಕಕ್ಕೆ ಬಂದರೆ ಮೊದಲ ದಿನವೇ ಹಾಕಿಕೊಳ್ಳುತ್ತೇನೆ. ಆರೋಗ್ಯ ಸೇತುವಿಗೆ ಐದರಲ್ಲಿ ಎರಡು ನಕ್ಷತ್ರ.