ಫ್ರೀ ಫಿಶಿಂಗ್ ದಿನ ಅಂತ ಗಾಳ ಹಿಡಿದು ಹೊರಡುವ ಮೊದಲು ಮರದ ಮೇಲಿನ ಬೋರ್ಡ್ ಓದಿ

ಪೆನ್ಸಿಲ್ವೇನಿಯಾದಲ್ಲಿರುವ ಕನ್ನಡದವರಿಗೆ, ಅದರಲ್ಲೂ ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷ ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯದ ಭಾನುವಾರ, ಟ್ರೌಟ್ ಅನ್ನುವ ಮೀನು ಸಿಗುವ ಹೊಳೆಯ ದಂಡೆಯಲ್ಲಿ, ಅಪ್ಪಯ್ಯನ ಎದುರಿಗೇ, ನನಗೆ ಸೈಟೇಶನ್ (ದಂಡದ ನೋಟಿಸು) ಬಿತ್ತು. ನಾನೇನೂ ಕದ್ದು ಮೀನು ಹಿಡಿಯಲು ಹೋಗಿರಲಿಲ್ಲ. ಲೈಸೆನ್ಸ್ ಇತ್ತು. ಟ್ರೌಟ್ ಪರ್ಮಿಟ್ಟೂ ಇತ್ತು. ಎಲ್ಲ ಸರಿ ಇದೆ ಅಂದುಕೊಂಡೇ ಹೋಗಿದ್ದೆ.

ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪಯ್ಯನಿಗೆ ಮೀನಿನ ಹುಚ್ಚು ಚಿಕ್ಕಂದಿನಿಂದ. ಜೂನ್ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನು, ಅಗಳಿಗೆ ಒಡ್ಡುವ ಬಿದಿರಿನ ಕೂಣಿ, ರಾತ್ರಿ ಟಾರ್ಚ್ ಹಿಡಿದು ಓಡಾಟ, ಇದರಲ್ಲೇ ಬೆಳೆದವರು. ಇಲ್ಲಿಗೆ ಬಂದು ಮೂರು ವಾರ ಸೋಫಾದ ಮೇಲೆ ಕೂತು ಅವರಿಗೆ ಸಾಕಾಗಿ ಹೋಗಿತ್ತು. 'ನಿಮ್ಮೂರಲ್ಲಿ ಹೊಳೆ ಇಲ್ಲವೇನೋ ಮಾರಾಯ' ಅಂತ ದಿನಕ್ಕೊಂದು ಸಲ ಕೇಳುತ್ತಿದ್ದರು.

ಹೊಳೆ ಇದೆ. ಕಾರಿನಲ್ಲಿ ನಲವತ್ತು ನಿಮಿಷ. ಏಪ್ರಿಲ್‌ನಲ್ಲಿ ಮಗನನ್ನು ಕರೆದುಕೊಂಡು ಅಲ್ಲೇ ಎರಡು ಸಲ ಹೋಗಿದ್ದೆ, ಮೀನೂ ತಂದಿದ್ದೆ. ಆದರೆ ಅಪ್ಪಯ್ಯನಿಗೆ ಲೈಸೆನ್ಸ್ ಬೇಕಲ್ಲ. ಇಲ್ಲಿ ಹದಿನಾರು ತುಂಬಿದ ಯಾರೇ ಗಾಳ ಹಾಕಿದರೂ ಲೈಸೆನ್ಸ್ ಬೇಕು. ಊರಿಂದ ನಾಲ್ಕು ದಿನಕ್ಕೆ ಬಂದವರಿಗೂ ಬೇಕು. ಟೂರಿಸ್ಟ್ ಲೈಸೆನ್ಸ್ ಅಂತ ಸಿಗುತ್ತದೆ. (ಒಂದು ದಿನದ್ದು ಏಪ್ರಿಲ್ ತಿಂಗಳಲ್ಲಿ ನಡೆಯುವುದಿಲ್ಲ, ನೆನಪಿರಲಿ. ಆಗಲೇ ಎಲ್ಲರೂ ಹೋಗುವುದು.) ಮಾಡಿಸೋಣ ಅಂತಿದ್ದಾಗ ಆಫೀಸಿನ ಗೆಳೆಯನೊಬ್ಬ ಹೇಳಿದ: 'ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀಯ? ಈ ಭಾನುವಾರ ಫ್ರೀ ಫಿಶಿಂಗ್. ಯಾರು ಬೇಕಾದರೂ ಹಿಡೀಬಹುದು.'

ಅವನು ಹೇಳಿದ್ದು ಸುಳ್ಳಲ್ಲ. ಮೆಮೋರಿಯಲ್ ಡೇ ವಾರಾಂತ್ಯದ ಭಾನುವಾರ ಮತ್ತು ಜುಲೈ 4, ಈ ಎರಡು ದಿನ ಪೆನ್ಸಿಲ್ವೇನಿಯಾ ಫಿಶ್ ಅಂಡ್ ಬೋಟ್ ಕಮಿಷನ್‌ನವರು ಲೈಸೆನ್ಸ್ ಇಲ್ಲದೆ ಮೀನು ಹಿಡಿಯಲು ಬಿಡುತ್ತಾರೆ. ನಾನು ಎಡವಿದ್ದು 'ಫ್ರೀ' ಅನ್ನುವ ಪದದಲ್ಲಿ. ಆ ದಿನ ಮಾಫಿ ಆಗುವುದು ಲೈಸೆನ್ಸ್ ಮತ್ತು ಪರ್ಮಿಟ್ ಮಾತ್ರ. ಉಳಿದ ರೂಲ್ಸ್ ಒಂದೂ ಸಡಿಲ ಆಗುವುದಿಲ್ಲ.

ಇಲ್ಲಿಯ ಟ್ರೌಟ್ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಈ ಹೊಳೆಗಳಲ್ಲಿ ನಾವು ಹಿಡಿಯುವ ಮೀನು ಹೆಚ್ಚಿನವು ಅಲ್ಲೇ ಹುಟ್ಟಿದವಲ್ಲ. ಹ್ಯಾಚರಿಯಲ್ಲಿ ಸಾಕಿ, ಟ್ಯಾಂಕ್ ಇರುವ ಟ್ರಕ್‌ನಲ್ಲಿ ತಂದು, ಬಕೆಟ್‌ನಲ್ಲಿ ಹೊಳೆಗೆ ಸುರಿಯುತ್ತಾರೆ. ರಾಜ್ಯದಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಟ್ರೌಟ್ ಹೀಗೆ ಬಿಡುತ್ತಾರೆ. ಒಂದೊಂದೂ ಸುಮಾರು 11 ಇಂಚು. ಯಾವ ಹೊಳೆಗೆ ಯಾವತ್ತು ಟ್ರಕ್ ಬರುತ್ತದೆ ಅಂತ ಮುಂಚೆಯೇ ಪಟ್ಟಿ ಹಾಕುತ್ತಾರೆ, ಊರಿನವರು ಬಕೆಟ್ ಹೊರಲು ಸಾಲಾಗಿ ನಿಲ್ಲುತ್ತಾರೆ. ಒಮ್ಮೆ ನಾನೂ ಮಗನೂ ಹೊತ್ತಿದ್ದೇವೆ. ಹೀಗೆ ಮೀನು ಬಿಡುವ ಹೊಳೆಗಳನ್ನು ಫೆಬ್ರವರಿ ಮೂರನೇ ಸೋಮವಾರದಿಂದ ಮುಚ್ಚುತ್ತಾರೆ. ಮತ್ತೆ ತೆರೆಯುವುದು ಏಪ್ರಿಲ್ ಮೊದಲ ಶನಿವಾರ ಬೆಳಿಗ್ಗೆ ಸರಿಯಾಗಿ 8 ಗಂಟೆಗೆ. ಅಲ್ಲಿಂದ ಸೆಪ್ಟೆಂಬರ್‌ನ ಲೇಬರ್ ಡೇವರೆಗೆ ಒಬ್ಬರಿಗೆ ದಿನಕ್ಕೆ ಐದು ಟ್ರೌಟ್, ಏಳು ಇಂಚಿಗಿಂತ ಚಿಕ್ಕದು ಇಟ್ಟುಕೊಳ್ಳುವ ಹಾಗಿಲ್ಲ. ಎರೆಹುಳ, ಜೋಳ, ಏನು ಬೇಕಾದರೂ ಗಾಳಕ್ಕೆ ಸಿಕ್ಕಿಸಬಹುದು.

ನನಗೆ ಗೊತ್ತಿದ್ದದ್ದು ಇಷ್ಟೇ. ಏಪ್ರಿಲ್‌ನಲ್ಲಿ ಇದನ್ನೇ ಪಾಲಿಸಿ, ಸೇತುವೆಯ ಕೆಳಗಿನ ಮಡುವಿನಲ್ಲಿ ಹಿಡಿದಿದ್ದೆ. ಯಾರೂ ಏನೂ ಅನ್ನಲಿಲ್ಲ.

ಆ ಭಾನುವಾರ ಸೇತುವೆಯ ಕೆಳಗೆ ಕಾಲಿಡಲು ಜಾಗ ಇರಲಿಲ್ಲ. ಫ್ರೀ ಅಂದ ಮೇಲೆ ಕೇಳಬೇಕೇ? ಮಡಚುವ ಕುರ್ಚಿ, ಐಸ್ ಬಾಕ್ಸ್, ಅಳುವ ಮಕ್ಕಳು. ಅಪ್ಪಯ್ಯನಿಗೆ ಗದ್ದಲ ಆಗುವುದಿಲ್ಲ. 'ಮೇಲೆ ಹೋಗುವ ಬಾ' ಅಂದರು. ಸೇತುವೆ ದಾಟಿ, ಹುಲ್ಲು ಸರಿಸಿಕೊಂಡು ಇನ್ನೂರು ಹೆಜ್ಜೆ ಮೇಲಕ್ಕೆ ಹೋದೆವು. ಚೆಂದದ ಜಾಗ. ನೀರು ಒಂದು ಬಂಡೆಯ ಸುತ್ತ ತಿರುಗಿ ಹೋಗುತ್ತಿತ್ತು. ದೂರದಲ್ಲಿ ಒಬ್ಬ ಮಾತ್ರ ಸೊಂಟದವರೆಗೆ ನೀರಲ್ಲಿ ನಿಂತು ನೊಣದ ಗಾಳ ಬೀಸುತ್ತಿದ್ದ. ಇಷ್ಟೊಳ್ಳೆ ಜಾಗ ಇಷ್ಟು ಖಾಲಿ ಯಾಕಿದೆ ಅಂತ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ದಾರಿಯಲ್ಲಿ ಒಂದು ಮರಕ್ಕೆ ಹೊಡೆದ ಬೋರ್ಡ್ ಕಂಡಿದ್ದು ನಿಜ. ನಡೆಯುತ್ತಲೇ ಅರ್ಧ ಓದಿದೆ. 'ಆರ್ಟಿಫಿಶಿಯಲ್ ಲೂರ್ಸ್ ಓನ್ಲಿ' ಅಂತಿತ್ತು. ನನ್ನ ಚೀಲದಲ್ಲಿ ಅಂಗಡಿಯಿಂದ ತಂದ ಪವರ್‌ಬೇಟ್ ಡಬ್ಬಿ ಇತ್ತು. ಹಸಿರು ಬಣ್ಣದ್ದು, ನಾದಿದ ಹಿಟ್ಟಿನ ಹಾಗೆ ಇರುತ್ತದೆ, ಉಂಡೆ ಕಟ್ಟಿ ಗಾಳಕ್ಕೆ ಒತ್ತಬೇಕು. ಫ್ಯಾಕ್ಟರಿಯಲ್ಲಿ ಮಾಡಿದ್ದು ತಾನೇ, ಇದಕ್ಕಿಂತ ಆರ್ಟಿಫಿಶಿಯಲ್ ಇನ್ನೇನಿದೆ ಅಂತ ನನ್ನ ತರ್ಕ. ಈಗ ನಗು ಬರುತ್ತದೆ. ಆ ಮಾತಿನ ಅರ್ಥ ಲೋಹದ ಸ್ಪಿನ್ನರ್, ಗರಿ ದಾರ ಸುತ್ತಿ ಮಾಡಿದ ನೊಣ, ಇಂಥವು ಮಾತ್ರ ಅಂತ. ವಾಸನೆಯ ಪೇಸ್ಟು, ಹಿಟ್ಟು ಎಲ್ಲ ಮೇವಿನ ಲೆಕ್ಕಕ್ಕೇ ಬರುತ್ತದೆ. ಅಲ್ಲಿ ಬಳಸುವುದಿರಲಿ, ಇಟ್ಟುಕೊಂಡಿದ್ದರೂ ತಪ್ಪು.

ಅಪ್ಪಯ್ಯ ಆ ಡಬ್ಬಿ ಮೂಸಿ ನೋಡಿ ಮುಖ ಕಿವುಚಿದರು. 'ಇದನ್ನು ಮೀನು ತಿನ್ನುತ್ತದಾ?' ಅಂದು ಜೇಬಿನಿಂದ ಹಳೇ ಕಾಫಿಪುಡಿ ಡಬ್ಬಿ ತೆಗೆದರು. ಒಳಗೆ ಒದ್ದೆ ಮಣ್ಣು, ಎರೆಹುಳ. ಬೆಳಿಗ್ಗೆ ನಾನು ಏಳುವ ಮೊದಲೇ ನನ್ನ ಹೆಂಡತಿಯ ಟೊಮ್ಯಾಟೊ ಗಿಡದ ಬುಡ ಕೆದಕಿ ತಂದಿದ್ದರು. ಹುಳವನ್ನು ಹೆಬ್ಬೆರಳಿನ ಉಗುರಿನಿಂದ ಎರಡು ತುಂಡು ಮಾಡಿ, ಗಾಳದ ಕೊಕ್ಕೆಗೆ ಕಾಲುಚೀಲ ಹಾಕಿದ ಹಾಗೆ ಏರಿಸಿದರು. ಹತ್ತು ನಿಮಿಷಕ್ಕೆ ಒಂದು ಟ್ರೌಟ್. ಇನ್ನರ್ಧ ಗಂಟೆಗೆ ಇನ್ನೊಂದು. ಎರಡನ್ನೂ ಐಸ್ ಬಾಕ್ಸಿಗೆ ಹಾಕಿದೆವು. ನನ್ನ ಹಸಿರು ಹಿಟ್ಟಿಗೆ ಒಂದೂ ಬೀಳಲಿಲ್ಲ. ಅಪ್ಪಯ್ಯನ ಮುಖ ನೋಡಬೇಕಿತ್ತು ನೀವು.

ಆಗ ಹಿಂದಿನಿಂದ ಒಬ್ಬರು 'ಗುಡ್ ಮಾರ್ನಿಂಗ್' ಅಂದರು. ಯೂನಿಫಾರ್ಮ್, ಸೊಂಟದಲ್ಲಿ ಪಿಸ್ತೂಲು, ಕೊರಳಲ್ಲಿ ಬೈನಾಕ್ಯುಲರ್. ಇವರನ್ನು ವಾಟರ್‌ವೇಸ್ ಕನ್ಸರ್ವೇಶನ್ ಆಫೀಸರ್ ಅಂತಾರೆ, ದಂಡ ಹಾಕುವ ಅಧಿಕಾರ ಇರುವವರು. ತುಂಬ ಮರ್ಯಾದೆಯಿಂದಲೇ ಮಾತಾಡಿದರು. ಆ ಕಡೆ ದಂಡೆಯಿಂದ ಸ್ವಲ್ಪ ಹೊತ್ತಿನಿಂದ ನೋಡುತ್ತಿದ್ದೆ ಅಂದರು. ಐಸ್ ಬಾಕ್ಸ್ ತೆರೆಯಿರಿ ಅಂದರು. ಆಮೇಲೆ ಕಾಫಿಪುಡಿ ಡಬ್ಬಿ.

ನಾನು 'ಇವತ್ತು ಫ್ರೀ ದಿನ ಅಲ್ವಾ' ಅಂದೆ. 'ಹೌದು, ಅದಕ್ಕೇ ನಿಮ್ಮ ತಂದೆಯ ಲೈಸೆನ್ಸ್ ಕೇಳಲಿಲ್ಲ' ಅಂದರು. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ.

'ಏನಂತೆ?' ಅಂತ ಅಪ್ಪಯ್ಯ ಕೇಳಿದರು.

'ಇಲ್ಲಿ ಹುಳ ಹಾಕಬಾರದಂತೆ. ಮೀನು ಇಟ್ಟುಕೊಳ್ಳಲೂ ಬಾರದಂತೆ.'

'ಅಲ್ಲಿ ಕೆಳಗೆ ಅವರೆಲ್ಲ ಹಾಕುತ್ತಾ ಇದ್ದಾರಲ್ಲ?'

ಇದೇ ನೋಡಿ ಎಲ್ಲರೂ ಎಡವುವ ಜಾಗ. ಹೊಳೆ ಒಂದೇ. ಸೇತುವೆಯ ಕೆಳಗೆ ಮಾಮೂಲಿ ರೂಲ್ಸ್, ಮೇಲೆ 'ಡಿಲೇಡ್ ಹಾರ್ವೆಸ್ಟ್' ಭಾಗ. ವಸಂತದಲ್ಲಿ ಬಿಟ್ಟ ಮೀನನ್ನು ಮೊದಲ ವಾರವೇ ಹೊತ್ತುಕೊಂಡು ಹೋದರೆ ಉಳಿದವರಿಗೆ ಏನೂ ಇರುವುದಿಲ್ಲ. ಹಾಗಾಗಿ ಕೆಲವು ಹೊಳೆಗಳ ಕೆಲವು ತುಂಡುಗಳಲ್ಲಿ ಹಿಡಿದದ್ದನ್ನು ವಾಪಸ್ ಬಿಡಬೇಕು, ಒಂದೇ ಮೀನು ಹತ್ತು ಜನರಿಗೆ ಸಿಗಲಿ ಅಂತ. ಹುಳ ಹಾಕಿದರೆ ಮೀನು ಗಾಳ ಸಮೇತ ನುಂಗಿಬಿಡುತ್ತದೆ, ಬಿಟ್ಟರೂ ಬದುಕುವುದು ಕಷ್ಟ. ಮೇವು ಬೇಡ ಅನ್ನುವುದು ಅದಕ್ಕೇ. ಬೇಸಿಗೆ ಏರಿ ನೀರು 20 ಡಿಗ್ರಿ ದಾಟಿದರೆ ಟ್ರೌಟ್‌ಗೆ ಕಷ್ಟ ಶುರು, ಹೇಗೂ ಬಹಳ ಮೀನು ಉಳಿಯುವುದಿಲ್ಲ. ಆದ್ದರಿಂದ ಜೂನ್ 15ರಿಂದ ಲೇಬರ್ ಡೇವರೆಗೆ ದಿನಕ್ಕೆ ಮೂರು ಇಟ್ಟುಕೊಳ್ಳಲು ಬಿಡುತ್ತಾರೆ, ಒಂಬತ್ತು ಇಂಚಾದರೂ ಇರಬೇಕು. ಯೋಚನೆ ಮಾಡಿದರೆ ಒಳ್ಳೆ ಲೆಕ್ಕಾಚಾರವೇ. ಆದರೆ ಅದು ನನಗೆ ಅರ್ಥವಾದದ್ದು ದಂಡ ಕಟ್ಟಿದ ಮೇಲೆ.

ಅಪ್ಪಯ್ಯನಿಗೆ ನನಗಿಂತ ಬೇಗ ಅರ್ಥವಾಯಿತು. 'ನಮ್ಮ ಚಿಬ್ಬಲಗುಡ್ಡೆ ಹಾಗೆ' ಅಂದರು. ತೀರ್ಥಹಳ್ಳಿ ಹತ್ತಿರ ತುಂಗೆಯಲ್ಲಿರುವ ಮತ್ಸ್ಯಧಾಮ ಅದು. ಶೃಂಗೇರಿಯಲ್ಲೂ ಅಷ್ಟೇ, ಘಟ್ಟದ ಮೆಟ್ಟಿಲಲ್ಲಿ ದೇವರ ಮೀನು, ಅದೇ ನದಿಯಲ್ಲಿ ಇನ್ನಷ್ಟು ಕೆಳಗೆ ಹೋದರೆ ಸಾರಿನ ಮೀನು. ಗಡಿ ಎಲ್ಲಿ ಅಂತ ಅಲ್ಲಿಯವರಿಗೆ ಬೋರ್ಡ್ ಬೇಕಿಲ್ಲ. ನಮಗೆ ಇಲ್ಲಿ ಬೇಕು, ಮತ್ತು ಅದು ಇದೆ. ನಾನು ಪೂರ್ತಿ ಓದಲಿಲ್ಲ, ಅಷ್ಟೇ.

ಆಫೀಸರ್ ಅಪ್ಪಯ್ಯನಿಗೆ ಬಾಯಿಮಾತಿನ ಎಚ್ಚರಿಕೆ ಕೊಟ್ಟು ಬಿಟ್ಟರು. ಸೈಟೇಶನ್ ನನ್ನ ಹೆಸರಿಗೆ ಬರೆದರು. ಮೀನು ಎರಡೂ ಹೋದವು. ಮೊತ್ತ ಹೇಳಲು ನಾಚಿಕೆ. ಕೋರ್ಟ್ ಖರ್ಚೂ ಸೇರಿ ಆದ ದುಡ್ಡಿಗೆ ಇಂಡಿಯನ್ ಅಂಗಡಿಯ ಬಂಗುಡೆ ಮನೆಮಂದಿಯೆಲ್ಲ ಆರು ತಿಂಗಳು ತಿನ್ನಬಹುದಿತ್ತು.

ದುಡ್ಡು ಹೋಗಲಿ. ವೀಸಾದಲ್ಲಿ ಇರುವವರು ಒಂದು ವಿಷಯ ಗಮನಿಸಿ. ಇದು ಪಾರ್ಕಿಂಗ್ ಚೀಟಿಯಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುವ ಸಮರಿ ಅಫೆನ್ಸ್, ಅಂದರೆ ಸಣ್ಣ ದರ್ಜೆಯ ಅಪರಾಧ. ಹತ್ತು ದಿನದೊಳಗೆ ಉತ್ತರ ಕೊಡಬೇಕು, ಮೇಜಿನ ಮೇಲೆ ಬಿಟ್ಟು ಮರೆಯುವ ಹಾಗಿಲ್ಲ. ಗ್ರೀನ್ ಕಾರ್ಡ್‌ನ ಐ-485 ಫಾರಂನಲ್ಲಿ 'ಎಂದಾದರೂ ಅರೆಸ್ಟ್ ಆಗಿದ್ದೀರಾ, ಸೈಟೇಶನ್ ಬಿದ್ದಿದೆಯಾ' ಅಂತ ಕೇಳುವ ಪ್ರಶ್ನೆ ಇದೆ. ಎರಡು ಟ್ರೌಟ್‌ಗಾಗಿ ಗ್ರೀನ್ ಕಾರ್ಡ್ ನಿಲ್ಲುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ಆ ಪ್ರಶ್ನೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದಂಡ ಕಟ್ಟಿದ ರಸೀದಿ, ಕೋರ್ಟಿನ ಕಾಗದ ಎಲ್ಲ ಒಂದು ಫೈಲ್‌ನಲ್ಲಿ ಇಟ್ಟಿದ್ದೇನೆ, ವಕೀಲರಿಗೂ ಹೇಳಿದ್ದೇನೆ. ನಿಮಗೂ ಹೀಗಾದರೆ ಅಷ್ಟು ಮಾಡಿ.

ಇನ್ನು ಹೋಗುವವರಿಗೆ. 'ಟ್ರಕ್ ಬಂದು ಸುರಿದು ಹೋಗಿದೆ, ಬೇಗ ಬಾ' ಅಂತ ಗ್ರೂಪಿನಲ್ಲಿ ಮೆಸೇಜ್ ಬಂದರೆ ಯಾವ ಹೊಳೆ ಅಂತಷ್ಟೇ ಅಲ್ಲ, ಹೊಳೆಯ ಯಾವ ತುಂಡು ಅಂತ ಕೇಳಿ. ಮೀನು ಬಿಟ್ಟಿದ್ದಾರೆ ಅಂದ ಮಾತ್ರಕ್ಕೆ ಮನೆಗೆ ತರಬಹುದು ಅಂತಲ್ಲ. ಡಿಲೇಡ್ ಹಾರ್ವೆಸ್ಟ್ ಭಾಗಕ್ಕೂ ಟ್ರಕ್ ಬರುತ್ತದೆ. ಯೆಲ್ಲೋ ಬ್ರೀಚಸ್ ಹೊಳೆಯಲ್ಲಿ ಬಾಯ್ಲಿಂಗ್ ಸ್ಪ್ರಿಂಗ್ಸ್ ಊರಿನ ಹತ್ತಿರ ಸುಮಾರು ಒಂದು ಮೈಲಿ ಉದ್ದಕ್ಕೆ ಹಿಡಿದು ಬಿಡುವುದು ಮಾತ್ರ, ಅಲ್ಲಿಗೆ ಜೂನ್ 15ರ ವಿನಾಯಿತಿಯೂ ಇಲ್ಲ. ಕಮಿಷನ್‌ನ ಆ್ಯಪ್ ಮತ್ತು ಪ್ರತಿ ವರ್ಷ ಬರುವ ರೂಲ್ಸ್ ಪುಸ್ತಕದಲ್ಲಿ ಯಾವ ಸೇತುವೆಯಿಂದ ಯಾವ ಸೇತುವೆವರೆಗೆ ಅಂತ ಬರೆದಿರುತ್ತದೆ. ದಂಡೆಗೆ ಹೋದ ಮೇಲೂ ನಡೆದು ಜಾಗ ಬದಲಿಸಿದರೆ ಮತ್ತೆ ಬೋರ್ಡ್ ಹುಡುಕಿ. ನಾನು ಬದಲಿಸಿದ್ದು ಇನ್ನೂರು ಹೆಜ್ಜೆ. ಮಕ್ಕಳು ಜೊತೆಗಿದ್ದರೆ ಇನ್ನೂ ಜಾಗ್ರತೆ. ಹದಿನಾರರ ಒಳಗಿನವರಿಗೆ ಲೈಸೆನ್ಸ್ ಬೇಡ, ಆದರೆ ಅಳತೆ, ಮೇವಿನ ರೂಲ್ಸ್ ಅವರಿಗೂ ಇದೆ.

ವಾಪಸ್ ಬರುವಾಗ ಅಪ್ಪಯ್ಯ ಆ ಮರದ ಮುಂದೆ ನಿಂತು ಬೋರ್ಡ್ ಪೂರ್ತಿ ಓದಿಸಿದರು. ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ.

'ಹಾಗಾದರೆ ಜೂನ್ 15 ಆದ ಮೇಲೆ ಮನೆಗೆ ತರಬಹುದು' ಅಂದರು.

'ಹೌದು, ಮೂರು.'

'ಹುಳ?'

'ಹುಳ ಆಗಲೂ ಇಲ್ಲ.'

ಕಾಫಿಪುಡಿ ಡಬ್ಬಿಯ ಹುಳಗಳನ್ನು ಮನೆಗೆ ಬಂದು ಟೊಮ್ಯಾಟೊ ಗಿಡದ ಬುಡಕ್ಕೇ ಸುರಿದರು. ಅವರ ವಾಪಸ್ ಟಿಕೆಟ್ ಜೂನ್ 11ಕ್ಕೆ ಇತ್ತು.