ಗ್ರಂಥಿ ದಾಟದ ಪ್ರಾಸ್ಟೇಟ್ ಕ್ಯಾನ್ಸರ್: ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ

ಗ್ಲೀಸನ್ ಅಂಕ (ಬಯಾಪ್ಸಿಯಲ್ಲಿ, ಅಂದರೆ ಗ್ರಂಥಿಯ ಚೂರು ತೆಗೆದು ನೋಡಿದಾಗ, ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಅಂಕ) 6 ಇದ್ದರೆ, ಅಂದರೆ ಉಗ್ರತೆ ಕಡಿಮೆಯಿದ್ದರೆ, ನಮ್ಮ ಮೊದಲ ಮತ ನಿಗಾ ವಿಧಾನಕ್ಕೆ: ತಕ್ಷಣ ಚಿಕಿತ್ಸೆ ಕೊಡದೆ ಪರೀಕ್ಷೆಗಳಿಂದ ಗಮನಿಸುತ್ತಿರುವುದು. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ 1,643 ಗಂಡಸರನ್ನು ಸುಮಾರು 15 ವರ್ಷ ಗಮನಿಸಿತು. ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಈ ಮೂರೂ ಗುಂಪುಗಳಲ್ಲಿ ಈ ಕಾಯಿಲೆಯಿಂದ ಸತ್ತವರು ಶೇ 3ರ ಆಸುಪಾಸು. ಬೇರೆಡೆ ಹರಡಿದ್ದು ಮಾತ್ರ ನಿಗಾದಲ್ಲಿ ಶೇ 9.4, ಶಸ್ತ್ರಚಿಕಿತ್ಸೆಯಲ್ಲಿ 4.7, ವಿಕಿರಣದಲ್ಲಿ 5. ಅಲ್ಲಿನ ನಿಗಾ ಹೆಚ್ಚಾಗಿ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಪ್ರೋಟೀನು) ರಕ್ತಪರೀಕ್ಷೆಯನ್ನೇ ನೆಚ್ಚಿತ್ತು ಎಂಬುದನ್ನು ಮರೆಯಬಾರದು. ಈಗ ಎಂಆರ್‌ಐ, ಮರುಬಯಾಪ್ಸಿ ಸೇರಿವೆ. ಅವನ್ನು ತಪ್ಪಿಸಿದರೆ ಅದು ನಿಗಾ ಅಲ್ಲ, ಬರೀ ಕಾಯುವುದು.

ಶಸ್ತ್ರಚಿಕಿತ್ಸೆಯ ದೊಡ್ಡ ಲಾಭ ಸ್ಪಷ್ಟತೆ: ತೆಗೆದ ಗ್ರಂಥಿ ಪೂರ್ತಿ ಪ್ರಯೋಗಾಲಯಕ್ಕೆ ಹೋಗುತ್ತದೆ, 6–8 ವಾರಗಳಲ್ಲಿ ಪಿಎಸ್‌ಎ 0.1 ng/mLಗಿಂತ ಕೆಳಗಿಳಿಯಬೇಕು. ದೇಹ ತೆರುವ ಬೆಲೆ ಕಡಿಮೆಯಲ್ಲ. 1–2 ವಾರ ಮೂತ್ರದ ಕೊಳವೆ, ಕೆಲ ತಿಂಗಳು ಸೋರಿಕೆ. ನಿಮಿರುವಿಕೆಯ ನರಗಳು ಗ್ರಂಥಿಗೇ ಅಂಟಿಕೊಂಡಿರುವುದರಿಂದ ಉಳಿಸಿದರೂ ಚೇತರಿಸಲು ಒಂದೆರಡು ವರ್ಷ ಬೇಕಾಗಬಹುದು. ಶ್ರೋಣಿತಳದ (ಮೂತ್ರ ತಡೆಹಿಡಿಯುವ ಸ್ನಾಯುಗಳ) ವ್ಯಾಯಾಮವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಶುರುಮಾಡಿ.

ವಿಕಿರಣದಲ್ಲಿ ಸೋರಿಕೆ ಕಡಿಮೆ, ಗುದದ್ವಾರದ ರಕ್ತಸ್ರಾವದ ಸಾಧ್ಯತೆ ಹೆಚ್ಚು. 20 ಅವಧಿಗಳಲ್ಲಿ ಒಟ್ಟು 60 ಗ್ರೇ (ವಿಕಿರಣ ಪ್ರಮಾಣದ ಅಳತೆ) ಸಾಮಾನ್ಯ ಕ್ರಮ. ಪ್ರತಿ ಸಲವೂ ಮೂತ್ರಕೋಶ ಹಿತವಾಗಿ ತುಂಬಿ, ಮಲಾಶಯ ಖಾಲಿಯಿರಬೇಕು. ಇಲ್ಲದಿದ್ದರೆ ಗ್ರಂಥಿ ಜರುಗಿ ಗುರಿ ತಪ್ಪುತ್ತದೆ. ಕ್ಯಾನ್ಸರ್ ಮರಳಿದರೆ, ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಕೊಡುವುದು ಸುಲಭ. ವಿಕಿರಣದ ನಂತರ ಶಸ್ತ್ರಚಿಕಿತ್ಸೆ ಬಲು ಕಷ್ಟ.